ಎಕರೆ-ಗುಂಟೆಯ ಅಂಕಿಗಳೂ ಗಣಕಯಂತ್ರದ ಚೌಕವೂ

ದೇವನಹಳ್ಳಿ ತಾಲ್ಲೂಕಿನ ನಲ್ಲೂರು, 2007ರಲ್ಲಿ ಜೀವವೈವಿಧ್ಯದ ಪರಂಪರಾ ತಾಣವೆಂದು ಘೋಷಿತವಾದ ತನ್ನ ಹುಣಿಸೆಯ ತೋಪಿನಿಂದ ಹೆಸರಾಗಿದೆ. ಪ್ರಕೃತ ನಮಗೆ ಬೇಕಾದುದು ಆ ತೋಪಲ್ಲ. ಅಂಥ ಊರುಗಳ ಹೊಲಗಳ ವಿಸ್ತೀರ್ಣವನ್ನು ಬರೆಯುವ ಕ್ರಮ. 2-25 ಎಂದರೆ ಎರಡು ಎಕರೆ ಇಪ್ಪತ್ತೈದು ಗುಂಟೆಯೆಂದು ಅಲ್ಲಿನ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ. ನಾಣ್ಯದ ಆಣೆ 1957ರಲ್ಲಿ ದಶಮಾಂಶಕ್ಕೆ ಎಡೆಗೊಟ್ಟಿತು; ನೆಲದ ಆಣೆ ಮಾತ್ರ ಉಳಿದುಕೊಂಡಿತು.

ಈ ಅಂಕಿಯನ್ನು ಗಣಕಯಂತ್ರದ ಪರದೆಯ ಮೇಲೆ ‘ವಿಸ್ತೀರ್ಣ’ ಎಂಬ ಚೌಕದಲ್ಲಿ ತುಂಬಬೇಕಾಗಿದೆಯೆಂದು ಭಾವಿಸೋಣ. ಅಲ್ಲಿ ಬೆರಳಚ್ಚಿಸಿದುದು ಯಂತ್ರದ ಪಾಲಿಗೆ ಸಂಖ್ಯೆಯಲ್ಲ, ಬರಿಯ ಅಕ್ಷರಗಳ ಸಾಲು. ಅದನ್ನು ಸಂಖ್ಯೆಯಾಗಿ ಮಾರ್ಪಡಿಸುವುದು ಕ್ರಮವಿಧಿಯನ್ನು ಬರೆದವನ ಹೊಣೆ. ಜಾವಾಸ್ಕ್ರಿಪ್ಟ್ ಭಾಷೆಯ ‘ಪಾರ್ಸ್‌ಫ್ಲೋಟ್’ ಎಂಬ ಸಿದ್ಧ ವಿಧಿಗೆ 2-25 ಎಂದು ಕೊಟ್ಟರೆ, ಅದು ಅಡ್ಡಗೆರೆಯ ಬಳಿ ನಿಂತು 2 ಎಂದಷ್ಟೇ ಹೇಳುತ್ತದೆ. ಇಪ್ಪತ್ತೈದು ಗುಂಟೆ ಸದ್ದಿಲ್ಲದೆ ಹೋಯಿತು. ಇದನ್ನರಿತು ಚುಕ್ಕೆಯಿಟ್ಟು 2.25 ಎಂದು ಬರೆದರೆ ಯಂತ್ರವು ಯಾವ ತಕರಾರನ್ನೂ ಎತ್ತುವುದಿಲ್ಲ. ಆದರೆ ದಶಮಾಂಶದ 2.25 ಎಕರೆಯೆಂದರೆ 2 ಎಕರೆ 10 ಗುಂಟೆ! ಹದಿನೈದು ಗುಂಟೆ ನಷ್ಟ. 3-5 ಎಂಬುದು 3.5 ಆದಾಗಲೋ ಅಷ್ಟೇ ನೆಲ ಹೊಸದಾಗಿ ಹುಟ್ಟುತ್ತದೆ. ಮಾರಾಟದ ಅಥವಾ ಭೂಪರಿಹಾರದ ಲೆಕ್ಕದಲ್ಲಿ ಇದು ವಿನೋದದ ಮಾತಲ್ಲ.

ಆದುದರಿಂದ ‘ಇದು ಸಂಖ್ಯೆಯೇ?’ ಎಂಬ ಪರೀಕ್ಷೆ ಸಾಲದು; ‘ಇದು ವಿಸ್ತೀರ್ಣವೇ?’ ಎಂದು ಕೇಳಬೇಕು. ಎಕರೆಗೆ ಒಂದು ಚೌಕ, ಗುಂಟೆಗೆ ಇನ್ನೊಂದು, ಆಣೆಗೆ ಮತ್ತೊಂದು ಇರುವುದೇ ಲೇಸೆಂದು ನಮಗೆ ತೋರುತ್ತದೆ. ಗುಂಟೆಯ ಚೌಕದಲ್ಲಿ 45 ಎಂದು ಬಂದರೆ ತಡೆಯಬೇಕು. ತಡೆದಾಗ ಬರೆದುದನ್ನು ಅಳಿಸದೆ, ತಪ್ಪೇನೆಂಬುದನ್ನು ಪಕ್ಕದಲ್ಲಿಯೇ ತಿಳಿಸಬೇಕು. ಒಪ್ಪಿದ ಮೇಲೆ ಎಲ್ಲವನ್ನೂ ಒಮ್ಮೆಗೇ ಆಣೆಗೆ ಇಳಿಸುವುದು ಕ್ಷೇಮ: 2-25 ಎಂದರೆ 105 ಗುಂಟೆ, ಅಂದರೆ 1,680 ಆಣೆ. ಪೂರ್ಣಾಂಕವಾದುದರಿಂದ ಕೂಡುವಲ್ಲಿ ಭಿನ್ನರಾಶಿಯ ದೋಷ ನುಸುಳುವುದಿಲ್ಲ. ಮರಳಿ ತೋರಿಸುವಾಗ ಎಕರೆ-ಗುಂಟೆಯಾಗಿ ಬಿಡಿಸಿದರಾಯಿತು.

ಕನ್ನಡ ಅಂಕಿಗಳ ತೊಡಕು ಬೇರೆ. ೨೫ ಎಂಬುದನ್ನು ಪೈಥಾನ್ ಭಾಷೆ ನೇರವಾಗಿ 25 ಎಂದು ಓದಿಕೊಳ್ಳುತ್ತದೆ, ಜಾವಾಸ್ಕ್ರಿಪ್ಟ್ ಓದದು. ಇಲ್ಲಿ ಬೆಲೆಯ ವಿಷಯದಲ್ಲಿ ಸಂಶಯವಿಲ್ಲವಾದುದರಿಂದ ಕೇಳದೆಯೇ ಬದಲಿಸಿಕೊಳ್ಳಬಹುದು. ಕನ್ನಡದ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಹೆಚ್ಚುಕಡಮೆ ಒಂದೇ ಆಗಿದ್ದು, ಯಂತ್ರಕ್ಕೆ ಬೇರೆ ಬೇರೆ ಸಂಕೇತಗಳು. ೧ರ ಮುಂದೆ ಅನುಸ್ವಾರ ಬಂದಿದ್ದರೆ ಹತ್ತೆಂದು ಊಹಿಸಿಬಿಡದೆ, ‘ಹತ್ತು ಗುಂಟೆಯೇ?’ ಎಂದು ಬರೆದವನನ್ನೇ ಕೇಳತಕ್ಕದ್ದು.