ಗಾಟ್ಲೀಬನ ಮೋಡ

ದಕ್ಷಿಣದ ಗಾಳಿ ಜೋರಾದ ದಿನ ಸೈಲೀಸಿಯಾದ ಹಿರ್ಷ್‌ಬರ್ಗ್ ಕಣಿವೆಯ ಮೇಲೆ ಉದ್ದನೆಯ, ನುಣುಪಾದ ಮೋಡವೊಂದು ಮೂಡುತ್ತಿತ್ತು. ಗಾಳಿ ಎಷ್ಟೇ ಬೀಸಲಿ, ನಿಂತ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಅದನ್ನು ನೋಡಿ ಮಳೆಗಾಳಿಯ ಸುಳಿವು ಹೇಳುತ್ತಿದ್ದ ಗಾಟ್ಲೀಬ್ ಎಂಬ ರೈತನ ಹೆಸರನ್ನೇ ಊರವರು ತಮ್ಮ ಆಡುನುಡಿಯಲ್ಲಿ ಮೋಡಕ್ಕೂ ಇಟ್ಟರು: ಮೊಅಟ್ಸಾಗೊಟ್ಲ್.

ಆಗ ಜರ್ಮನಿಯಲ್ಲಿದ್ದ, ಈಗ ಪೋಲೆಂಡಿಗೆ ಸೇರಿದ ಈ ಕಣಿವೆಯ ದಕ್ಷಿಣಕ್ಕೆ ರೀಸೆನ್‌ಗೆಬಿರ್ಗೆ ಪರ್ವತಸಾಲು. ಅದರ ತುತ್ತತುದಿ 1603 ಮೀಟರ್. ಪಕ್ಕದ ಗ್ರುನೌನಲ್ಲಿ ಗ್ಲೈಡರ್ ಶಾಲೆಯಿತ್ತು. ಗಾಳಿ ಬಡಿದು ಮೇಲೇರುವ ಇಳಿಜಾರು, ಬಿಸಿಲಿಗೆ ಕಾದು ಏಳುವ ಗಾಳಿ, ಇವೆರಡೇ ಎಂಜಿನ್ ಇಲ್ಲದ ವಿಮಾನಕ್ಕೆ ಮುಖ್ಯ ಆಸರೆ ಎಂದು ಹಾರಾಟಗಾರರು ತಿಳಿದಿದ್ದರು. ಗಾಳಿ ಬೆಟ್ಟ ದಾಟಿ ಕೆಳಗಿಳಿಯುವ ಮಗ್ಗುಲು ಅವರಿಗೆ ಅಂಜಿಕೆಯ ಜಾಗ.

1933ರಲ್ಲಿ ಆ ಮಗ್ಗುಲಲ್ಲೇ ಹಾನ್ಸ್ ಡಾಯ್ಚ್‌ಮನ್ ಮತ್ತು ವೋಲ್ಫ್ ಹಿರ್ತ್ ಅವರ ಗ್ಲೈಡರ್‌ಗಳು ಒಂದಿಷ್ಟೂ ಕುಲುಕದೆ ಮೇಲೇರತೊಡಗಿದವು. ಹಿರ್ತ್ ಒಂದು ಕಾಲು ಕಳೆದುಕೊಂಡಿದ್ದವನು. ಆದರೂ ಆ ಕಾಲದ ನಿಪುಣ ಹಾರಾಟಗಾರರಲ್ಲೊಬ್ಬ. ಗ್ಲೈಡರ್ ಏರಿದರೆ ಗಾಳಿಯೂ ಅಲ್ಲಿ ಏರುತ್ತಿರಲೇಬೇಕು. ಬೆಟ್ಟ ಇಳಿದ ಮೇಲೆ ಅದನ್ನು ಮತ್ತೆ ಮೇಲೆತ್ತಿದ್ದು ಯಾವುದು?

ಮಳೆಗಾಲದ ಹಳ್ಳದಲ್ಲಿ, ಮುಳುಗಿದ ಬಂಡೆಯ ಕೆಳಮಗ್ಗುಲಿನ ನೀರನ್ನು ನೋಡಿ. ನೀರು ಓಡುತ್ತಲೇ ಇರುತ್ತದೆ, ಅದರ ಉಬ್ಬು ಮಾತ್ರ ಇದ್ದಲ್ಲೇ ಇರುತ್ತದೆ. ಗಾಳಿಯೂ ಹಾಗೆಯೇ. ಬೆಟ್ಟ ಎತ್ತಿದ ತಂಪುಗಾಳಿ ತನ್ನ ಭಾರಕ್ಕೆ ಕುಸಿದು, ಸಮಮಟ್ಟ ಮೀರಿ ಇಳಿದು, ಮತ್ತೆ ಪುಟಿದೇಳುತ್ತದೆ. ಅಲೆಯ ನೆತ್ತಿಯಲ್ಲಿ ತಣಿದ ತೇವ ಹನಿಗಟ್ಟುತ್ತದೆ, ಇಳಿಜಾರಿನಲ್ಲಿ ಆರಿಹೋಗುತ್ತದೆ. ಮುಂದಂಚಿನಲ್ಲಿ ಹುಟ್ಟುತ್ತ ಹಿಂದಂಚಿನಲ್ಲಿ ಕರಗುವ ಮೋಡ ಕೆಳಗಿನವರ ಕಣ್ಣಿಗೆ ನಿಂತಂತೆ ಕಾಣುತ್ತದೆ. ಈ ವಿಷಯದಲ್ಲಿ ನನಗೆ ಎಷ್ಟು ಸಲ ನೆನೆದರೂ ತಣಿಯದ ಬೆರಗು ಇದೇ.

ಗಾಳಿಯ ಈ ಅಲೆಯನ್ನು ಅಳೆದು ತೋರಿಸಿದವನು ಯೊವಾಖಿಮ್ ಕ್ಯೂಟ್ನರ್. ಹಲವು ಗ್ಲೈಡರ್‌ಗಳ ಎತ್ತರಮಾಪಕಗಳು ಗೀಚಿದ ಗೆರೆಗಳನ್ನು ಜೋಡಿಸಿ, ಅಲೆಯ ಆಕಾರವನ್ನು ಕಾಗದದ ಮೇಲೆ ಮೂಡಿಸಿದ. 1937ರಲ್ಲಿ ತಾನೇ ತೆರೆದ ಗ್ಲೈಡರಿನಲ್ಲಿ ಕುಳಿತು ಸುಮಾರು 6800 ಮೀಟರ್ ಏರಿದ. ಮುಂದೆ ಅಮೆರಿಕದ ಸಿಯೆರಾ ನೆವಾಡಾದ ಅಲೆಗಳ ಅಧ್ಯಯನಕ್ಕೂ ಹೋದ; ಅಲ್ಲಿ 1952ರಲ್ಲಿ ಇಬ್ಬರು ಹಾರಾಟಗಾರರು 13 ಕಿಲೋಮೀಟರ್ ಎತ್ತರ ದಾಟಿದರು.

ಹಿರ್ತ್ ತನ್ನ ಹೊಸ ಗ್ಲೈಡರಿಗೆ ಇಟ್ಟ ಹೆಸರು ಮೊಅಟ್ಸಾಗೊಟ್ಲ್.