ನೇಮಕಾತಿ ಪತ್ರದ ನಂತರ: ಪ್ರಾದೇಶಿಕ ವಿಮಾನ ಕಂಪನಿಗಳ ತರಬೇತಿ

ಮನೆಯ ಮಗನಿಗೋ ಮಗಳಿಗೋ ವಿಮಾನ ಕಂಪನಿಯೊಂದರಲ್ಲಿ ಕೋ-ಪೈಲಟ್ ಹುದ್ದೆ ದೊರೆಯಿತೆಂದರೆ ಆ ಮನೆಯಲ್ಲಿ ಹಬ್ಬದ ವಾತಾವರಣ ಮೂಡುವುದು ಸಹಜ. ಒಂದೊಂದು ಗಂಟೆಯ ಹಾರಾಟಕ್ಕೂ ಹಣ ಹೊಂದಿಸಿಕೊಟ್ಟ ತಾಯ್ತಂದೆಗಳು ಇನ್ನು ನಿಶ್ಚಿಂತರಾಗಿರಬಹುದೆಂದು ಭಾವಿಸುತ್ತಾರೆ. ಆದರೆ ನೇಮಕಾತಿ ಪತ್ರ ಕೈಸೇರಿದ ಬಳಿಕ ಬರುವ ಎರಡು ಮೂರು ತಿಂಗಳುಗಳೇ ಈ ವೃತ್ತಿಯ ಕಠಿಣ ಪರೀಕ್ಷಾಕಾಲ ಎಂಬುದು ಬಹುಮಂದಿಗೆ ತಿಳಿದಿಲ್ಲ. ಅಮೆರಿಕದಲ್ಲಿ ನೆಲಸಿರುವ ನಮ್ಮ ಕುಟುಂಬಗಳ ಮಕ್ಕಳು ಈ ಉದ್ಯೋಗಕ್ಕೆ ಮನಸ್ಸು ಮಾಡಿದರೆ ಮೊದಲು ಕಾಲಿಡುವುದು ಸಾಮಾನ್ಯವಾಗಿ ಅಲ್ಲಿನ ಪ್ರಾದೇಶಿಕ ಕಂಪನಿಗಳಲ್ಲಿ. ಅಲ್ಲಿನ ತರಬೇತಿ ಹೇಗಿರುತ್ತದೆ ಎಂಬುದನ್ನು ಮನೆಯವರೂ ಅರಿತಿದ್ದರೆ ಒಳ್ಳೆಯದು.

ಅಮೇರಿಕನ್ ಈಗಲ್, ಡೆಲ್ಟಾ ಕನೆಕ್ಷನ್, ಯುನೈಟೆಡ್ ಎಕ್ಸ್‌ಪ್ರೆಸ್ ಎಂಬ ಹೆಸರುಗಳನ್ನು ವಿಮಾನದ ಮೈಮೇಲೆ ಕಂಡವರು ಅದು ದೊಡ್ಡ ಕಂಪನಿಯದೇ ವಿಮಾನವೆಂದು ತಿಳಿಯುತ್ತಾರೆ. ಟಿಕೆಟು ದೊಡ್ಡ ಕಂಪನಿಯದು, ಬಣ್ಣವೂ ಅದರದೇ. ಹಾರಿಸುವವರು ಮಾತ್ರ ಸ್ಕೈವೆಸ್ಟ್, ರಿಪಬ್ಲಿಕ್, ಎನ್ವಾಯ್ ಮೊದಲಾದ ಪ್ರಾದೇಶಿಕ ಕಂಪನಿಗಳವರು. ಎಂಬ್ರಾಯರ್ 175, ಸಿಆರ್‌ಜೆ ಮೊದಲಾದ ಈ ಜೆಟ್‌ಗಳಲ್ಲಿ ಹೆಚ್ಚೆಂದರೆ 76 ಆಸನಗಳು. ದೊಡ್ಡ ಕಂಪನಿಗಳು ತಮ್ಮ ಪೈಲಟ್‌ಗಳ ಸಂಘಗಳೊಂದಿಗೆ ಮಾಡಿಕೊಂಡ ಒಪ್ಪಂದಗಳೇ ಈ ಮಿತಿಗೆ ಕಾರಣ.

ಇಂದಿನ ತರಬೇತಿಯ ಸ್ವರೂಪವನ್ನು ತಿಳಿಯಬೇಕಾದರೆ ಒಂದು ದುರಂತವನ್ನು ನೆನೆಯಲೇಬೇಕು. 2009ರ ಫೆಬ್ರವರಿ 12ರ ರಾತ್ರಿ, ನ್ಯೂಅರ್ಕ್‌ನಿಂದ ಬಫಲೋ ನಗರಕ್ಕೆ ಹೊರಟಿದ್ದ ಕೋಲ್ಗನ್ ಏರ್ ಕಂಪನಿಯ ವಿಮಾನವೊಂದು ಇಳಿಯುವ ಹಂತದಲ್ಲಿ ಮನೆಯೊಂದರ ಮೇಲೆ ಬಿದ್ದಿತು. ವಿಮಾನದಲ್ಲಿದ್ದ 49 ಮಂದಿಯೂ ಆ ಮನೆಯಲ್ಲಿದ್ದ ಒಬ್ಬರೂ ಮಡಿದರು. ವೇಗ ಅಪಾಯಕರವಾಗಿ ಕುಸಿದಾಗ ಚಾಲಕನ ಕೈಯಲ್ಲಿರುವ ನಿಯಂತ್ರಣದಂಡವು ನಡುಗಿ ಎಚ್ಚರಿಸುತ್ತದೆ. ಆಗ ಅದನ್ನು ಮುಂದಕ್ಕೊತ್ತಿ ವಿಮಾನದ ಮೂಗನ್ನು ತಗ್ಗಿಸಬೇಕು. ಕ್ಯಾಪ್ಟನ್ ಹಿಂದಕ್ಕೆ ಎಳೆದರು. ಅವರು ಅದಕ್ಕೆ ಮುನ್ನ ಹಲವು ಹಾರಾಟ ಪರೀಕ್ಷೆಗಳಲ್ಲಿ ಅನುತ್ತೀರ್ಣರಾಗಿದ್ದರೆಂದೂ, ಅವುಗಳಲ್ಲಿ ಕೆಲವು ಕಂಪನಿಗೇ ತಿಳಿದಿರಲಿಲ್ಲವೆಂದೂ ತನಿಖೆಯಲ್ಲಿ ಹೊರಬಿತ್ತು. ಕೋ-ಪೈಲಟ್ ಸಿಯಾಟಲ್‌ನಿಂದ ರಾತ್ರಿಯಿಡೀ ಪ್ರಯಾಣಿಸಿ ಬಂದು ಕೆಲಸಕ್ಕೆ ಹಾಜರಾಗಿದ್ದರು.

ಮಡಿದವರ ಕುಟುಂಬಗಳು ಸುಮ್ಮನಿರಲಿಲ್ಲ. ಅವರು ಪಟ್ಟುಹಿಡಿದು ವಾಷಿಂಗ್ಟನ್‌ಗೆ ಅಲೆದ ಫಲವಾಗಿ 2010ರಲ್ಲಿ ಹೊಸ ಶಾಸನ ಬಂತು. 2013ರಲ್ಲಿ ಅದರ ನಿಯಮಗಳು ಜಾರಿಯಾದವು. ಅಂದಿನಿಂದ ಪ್ರಯಾಣಿಕ ವಿಮಾನದ ಕೋ-ಪೈಲಟ್ ಆಗಲೂ ಸಾಮಾನ್ಯವಾಗಿ 1500 ಗಂಟೆಗಳ ಹಾರಾಟದ ಅನುಭವ ಬೇಕು. ವಿಮಾನಯಾನ ವಿಷಯದಲ್ಲಿ ಮಾನ್ಯತೆ ಪಡೆದ ಪದವಿಯಿದ್ದವರಿಗೆ 1000, ಸೇನೆಯಲ್ಲಿ ಹಾರಿದವರಿಗೆ 750 ಗಂಟೆಗಳೆಂಬ ರಿಯಾಯಿತಿಯುಂಟು. ದುರಂತಕ್ಕೀಡಾದ ವಿಮಾನದ ಇಬ್ಬರು ಚಾಲಕರಿಗೂ 1500 ಗಂಟೆಗಳಿಗಿಂತ ಹೆಚ್ಚಿನ ಅನುಭವವಿತ್ತು ಎಂಬುದನ್ನು ಇಲ್ಲಿ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ಗಂಟೆಗಳ ಲೆಕ್ಕಕ್ಕಿಂತ, ಅದರೊಂದಿಗೆ ಬಂದ ತರಬೇತಿಯ ಸುಧಾರಣೆಯೇ ದೊಡ್ಡದೆಂದು ನಮಗೆ ತೋರುತ್ತದೆ.

ನಮ್ಮ ದೇಶದ ಕ್ರಮ ಬೇರೆ. ಇಲ್ಲಿ 200 ಗಂಟೆಗಳ ಹಾರಾಟ ಮುಗಿಸಿ ಕಮರ್ಷಿಯಲ್ ಲೈಸೆನ್ಸ್ ಪಡೆದವರು, ಆಯಾ ಮಾದರಿಯ ವಿಮಾನದ ಪ್ರತ್ಯೇಕ ತರಬೇತಿಯನ್ನೂ ಪೂರೈಸಿ ಕೋ-ಪೈಲಟ್ ಆಗಬಹುದು. ಅಮೆರಿಕದಲ್ಲಿ ವಿದ್ಯಾರ್ಥಿ ವೀಸಾದ ಮೇಲೆ ಹಾರಾಟ ಕಲಿತವರಿಗೆ ಅಲ್ಲಿಯೇ ಕಂಪನಿಯ ಕೆಲಸ ಸಿಗುತ್ತದೆಂದು ಮನೆಯವರು ನಂಬಿಕೊಳ್ಳಬಾರದು. ಅಲ್ಲಿ ದುಡಿಯುವ ಕಾಯಂ ಹಕ್ಕಿದ್ದವರನ್ನೇ ಪ್ರಾದೇಶಿಕ ಕಂಪನಿಗಳು ಸಾಮಾನ್ಯವಾಗಿ ತೆಗೆದುಕೊಳ್ಳುತ್ತವೆ. ಸಾಲಪತ್ರಕ್ಕೆ ಸಹಿ ಹಾಕುವ ಮೊದಲೇ ವಿಚಾರಿಸಿಕೊಳ್ಳಬೇಕಾದ ಸಂಗತಿಯಿದು.

ಇಷ್ಟು ಗಂಟೆ ಹಾರಿ ಬಂದವರಿಗೆ ಮತ್ತೆ ಕಲಿಸುವುದೇನು? ಅವರಲ್ಲಿ ಹೆಚ್ಚಿನವರು ಆ ಗಂಟೆಗಳನ್ನು ಗಳಿಸಿರುವುದು ಒಂದೇ ಎಂಜಿನಿನ ಪುಟ್ಟ ವಿಮಾನಗಳಲ್ಲಿ, ವಿದ್ಯಾರ್ಥಿಗಳಿಗೆ ಹಾರಾಟ ಹೇಳಿಕೊಡುತ್ತ. ಅಲ್ಲಿ ನಿರ್ಧಾರವೆಲ್ಲ ಅವರೊಬ್ಬರದೇ. ಜೆಟ್‌ನ ಕಾಕ್‌ಪಿಟ್‌ನಲ್ಲಾದರೋ ಇಬ್ಬರು. ಒಬ್ಬರು ಹಾರಿಸಿದರೆ ಇನ್ನೊಬ್ಬರು ಕಾಯುತ್ತಾರೆ, ಗಮನಿಸುತ್ತಾರೆ, ತಪ್ಪಿದ್ದರೆ ಹೇಳುತ್ತಾರೆ. ಒಂಟಿಯಾಗಿ ಹಾರುವುದನ್ನು ಕಲಿತವರನ್ನು ಜೋಡಿಯ ಅರ್ಧಭಾಗವನ್ನಾಗಿ ಮಾಡುವುದೇ ಈ ತರಬೇತಿಯ ಮುಖ್ಯ ಕೆಲಸ.

ಕಂಪನಿಯ ತರಗತಿಗಿಂತ ಮುಂಚೆಯೇ ಉನ್ನತ ಲೈಸೆನ್ಸಿಗೆ ಬೇಕಾದ ಒಂದು ಕಡ್ಡಾಯ ಶಿಕ್ಷಣವಿದೆ: 30 ಗಂಟೆ ಪಾಠ, 10 ಗಂಟೆ ಸಿಮ್ಯುಲೇಟರ್. ಅನಂತರ ಕಂಪನಿಯ ನಿಯಮಗಳ ಪಾಠ. ಎಷ್ಟು ಮಂಜಿದ್ದರೆ ಹೊರಡಬಾರದು, ರೆಕ್ಕೆಯ ಮೇಲಿನ ಹಿಮವನ್ನು ಹೇಗೆ ತೆಗೆಸಬೇಕು, ಎಷ್ಟು ಗಂಟೆ ದುಡಿದ ಮೇಲೆ ವಿಶ್ರಾಂತಿ ಕಡ್ಡಾಯ ಎಂಬಿತ್ಯಾದಿ. ಕರ್ತವ್ಯಕ್ಕೆ ಮುನ್ನ 10 ಗಂಟೆಗಳ ಬಿಡುವು, ಅದರಲ್ಲಿ 8 ಗಂಟೆ ನಿದ್ರೆಗೆ ಅವಕಾಶ ಇರಲೇಬೇಕೆಂಬುದು 2014ರಿಂದ ಜಾರಿಯಲ್ಲಿರುವ ನಿಯಮ. ಇದೇ ದಿನಗಳಲ್ಲಿ ಸೀನಿಯಾರಿಟಿ ಸಂಖ್ಯೆಯೂ ನಿಗದಿಯಾಗುತ್ತದೆ. ಒಂದೇ ತರಗತಿಯವರಲ್ಲಿ ವಯಸ್ಸಿನಲ್ಲಿ ಹಿರಿಯರಿಗೆ ಮೊದಲ ಸ್ಥಾನ ಕೊಡುವ ಪದ್ಧತಿ ಹಲವೆಡೆ ಇದೆ. ಯಾವ ಊರಿನಲ್ಲಿ ವಾಸ, ಯಾವ ದಿನ ರಜೆ, ಎಂದು ಕ್ಯಾಪ್ಟನ್ ಪದವಿ ಎಂಬುದೆಲ್ಲವೂ ಮುಂದೆ ಈ ಸಂಖ್ಯೆಯನ್ನೇ ಅವಲಂಬಿಸಿದೆ.

ಬಳಿಕ ವಿಮಾನದ ಅಂಗಾಂಗಗಳ ಅಭ್ಯಾಸ: ವಿದ್ಯುತ್ತು, ಇಂಧನ, ಹೈಡ್ರಾಲಿಕ್ಸ್, ಗಾಳಿಯ ಒತ್ತಡ. ಮಿತಿಯ ಅಂಕೆಗಳನ್ನೂ, ಪುಸ್ತಕ ತೆರೆಯಲು ಸಮಯವಿಲ್ಲದ ತುರ್ತು ಗಳಿಗೆಯ ಕ್ರಮಗಳನ್ನೂ ಅಕ್ಷರಶಃ ಬಾಯಿಪಾಠ ಮಾಡಬೇಕು. ಕಾಕ್‌ಪಿಟ್‌ನ ದೊಡ್ಡ ಚಿತ್ರಗಳನ್ನು ಹೋಟೆಲ್ ಕೋಣೆಯ ಗೋಡೆಗೆ ಅಂಟಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು, ಯಾವ ಗುಂಡಿಯ ನಂತರ ಯಾವ ಗುಂಡಿಗೆ ಕೈ ಹೋಗಬೇಕೆಂಬುದನ್ನು ಅಭ್ಯಾಸ ಮಾಡುವುದು ಹೊಸಬರ ದಿನಚರಿ. ಕೈಯ ಈ ಓಟಕ್ಕೆ ಅವರು 'ಫ್ಲೋ' ಎನ್ನುತ್ತಾರೆ. ಮೊದಲು ಕೈ ನೆನಪಿನಿಂದ ಕೆಲಸ ಮುಗಿಸಬೇಕು, ಆಮೇಲೆ ಚೆಕ್‌ಲಿಸ್ಟ್ ಓದಿ ಅದನ್ನು ಪರಿಶೀಲಿಸಬೇಕು. ಆಡುವ ಮಾತೂ ನಿಗದಿತವೇ. ವಿಮಾನ ನೆಲ ಬಿಟ್ಟು ಮೇಲೇರುತ್ತಿದೆಯೆಂದು ಖಚಿತವಾದಾಗ ಒಬ್ಬರು 'ಪಾಸಿಟಿವ್ ರೇಟ್' ಎನ್ನಬೇಕು, ಇನ್ನೊಬ್ಬರು 'ಗೇರ್ ಅಪ್' ಎನ್ನಬೇಕು. ಹಿಂದೆಂದೂ ಭೇಟಿಯಾಗದ ಇಬ್ಬರು ಮುಂಜಾನೆ ಕೈಕುಲುಕಿ ಅರ್ಧ ಗಂಟೆಯಲ್ಲಿ ಒಟ್ಟಿಗೆ ಹಾರಬಲ್ಲರೆಂದರೆ ಅದಕ್ಕೆ ಈ ಏಕರೂಪದ ಮಾತೇ ಆಧಾರ. ತರಬೇತಿಯಲ್ಲಿ ಎಡವುವವರಲ್ಲಿ ಅನೇಕರು ಹಾರಿಸಲು ಬಾರದವರಲ್ಲ. ಬಾಯಿಪಾಠವನ್ನು ಹಗುರವಾಗಿ ಕಂಡವರು.

ಸಿಮ್ಯುಲೇಟರ್ ಎಂಬುದು ಆಟಿಕೆಯಲ್ಲ. ಹೈಡ್ರಾಲಿಕ್ ಅಥವಾ ವಿದ್ಯುತ್ ಕಾಲುಗಳ ಮೇಲೆ ನಿಂತು ಓಲಾಡುವ ಒಂದು ಕೋಣೆ. ಒಳಗೆ ನಿಜವಾದ ಕಾಕ್‌ಪಿಟ್, ಕಿಟಕಿಯಾಚೆ ಗಣಕಯಂತ್ರ ಮೂಡಿಸಿದ ಆಕಾಶ ಮತ್ತು ರನ್‌ವೇ. ಇಂಥ ಯಂತ್ರ ಬಹಳ ದುಬಾರಿಯಾದ್ದರಿಂದ ಅದನ್ನು ಹಗಲಿರುಳೂ ದುಡಿಸುತ್ತಾರೆ. ಪಾಠದ ಸರದಿ ರಾತ್ರಿ ಎರಡು ಗಂಟೆಗೆ ಬಂದರೂ ಹೋಗಲೇಬೇಕು. ಸಾಮಾನ್ಯವಾಗಿ ನಾಲ್ಕು ಗಂಟೆಯ ಪಾಠ, ಅದರ ಹಿಂದೆ ಮುಂದೆ ಚರ್ಚೆ. ಇಬ್ಬಿಬ್ಬರು ಜೊತೆಗಾರರಾಗಿ ಕಲಿಯುತ್ತಾರೆ. ಆ ಜೊತೆಗಾರನೊಂದಿಗೆ ಹೊಂದಿಕೊಂಡು ಸಂಜೆ ಕೂಡಿ ಓದುವವರಿಗೆ ಅರ್ಧ ದಾರಿ ಸವೆದಂತೆ.

ಅಲ್ಲಿ ಪದೇ ಪದೇ ಎದುರಾಗುವ ಪರೀಕ್ಷೆಯೊಂದಿದೆ. ವಿಮಾನ ರನ್‌ವೇಯಲ್ಲಿ ಓಡುತ್ತ, ಇನ್ನು ನಿಲ್ಲಿಸಲಾಗದು ಎಂಬ ವೇಗವನ್ನು ಮುಟ್ಟಿದ ಕ್ಷಣದಲ್ಲೇ ಶಿಕ್ಷಕರು ಒಂದು ಎಂಜಿನನ್ನು ಆರಿಸಿಬಿಡುತ್ತಾರೆ. ವಿಮಾನದ ಮೂಗು ಸತ್ತ ಎಂಜಿನಿನ ಕಡೆಗೆ ತಿರುಗಲು ಹವಣಿಸುತ್ತದೆ. ಕಾಲಿನಿಂದ ಚುಕ್ಕಾಣಿಯನ್ನು ಒತ್ತಿ ನೇರ ಮಾಡಿಕೊಂಡು, ಅವಸರಪಡದೆ, ಉಳಿದ ಒಂದೇ ಎಂಜಿನಿನಲ್ಲಿ ಮೇಲೇರಬೇಕು. ಹಾಗೆಯೇ ಸುತ್ತಿ ಬಂದು ಇಳಿಯಬೇಕು. ಕೋಲ್ಗನ್ ದುರಂತದ ಪಾಠವೂ ಇಲ್ಲಿದೆ: ರೆಕ್ಕೆಗಳು ಪೂರ್ತಿ ಆಧಾರ ಕಳೆದುಕೊಂಡ ಸ್ಥಿತಿಯಿಂದ ಪಾರಾಗುವ ಅಭ್ಯಾಸವನ್ನು 2019ರಿಂದ ಕಡ್ಡಾಯ ಮಾಡಲಾಗಿದೆ.

ಇನ್ನೊಂದು ಪಾಠ ಕೈಯದ್ದಲ್ಲ, ನಾಲಿಗೆಯದು. ಕ್ಯಾಪ್ಟನ್ ತಪ್ಪುವಾಗ ಕಿರಿಯರು ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಬೇಕು. ಕ್ಯಾಪ್ಟನ್ ಅದನ್ನು ಕೇಳಬೇಕು. ಹಿರಿಯರಿಗೆ ಎದುರಾಡಬಾರದೆಂದು ಬೆಳೆಸಿದ ನಮ್ಮ ಮನೆಗಳ ಮಕ್ಕಳಿಗೆ ಇದು ಸುಲಭವಲ್ಲ. 2010ರ ಮೇ 22ರಂದು ಬಜ್ಪೆಯಲ್ಲಿ 158 ಮಂದಿಯನ್ನು ಬಲಿ ತೆಗೆದುಕೊಂಡದ್ದು ಪ್ರಾದೇಶಿಕ ಕಂಪನಿಯ ಪುಟ್ಟ ಜೆಟ್ ಅಲ್ಲ, ನಿಜ. ಆದರೆ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕೆಂದು ಕೋ-ಪೈಲಟ್ ಮೂರು ಬಾರಿ ಹೇಳಿದ್ದರೆಂಬುದು ಅದರ ವಿಚಾರಣೆಯಲ್ಲಿ ದಾಖಲಾಗಿದೆ. ಮಂಗಳೂರಿನವರಿಗೆ ಈ ಪಾಠದ ಬೆಲೆಯನ್ನು ಬೇರೆ ವಿವರಿಸಬೇಕಾಗಿಲ್ಲ.

ಮೌಖಿಕ ಪರೀಕ್ಷೆ, ಸಿಮ್ಯುಲೇಟರ್ ಪರೀಕ್ಷೆಗಳಲ್ಲಿ ಒಮ್ಮೆ ಎಡವಿದರೆ ಬದುಕು ಮುಗಿಯುವುದಿಲ್ಲ. ಕಂಪನಿಗಳು ಸಾಮಾನ್ಯವಾಗಿ ಹೆಚ್ಚಿನ ಪಾಠ ಕೊಟ್ಟು ಮತ್ತೊಮ್ಮೆ ಅವಕಾಶ ನೀಡುತ್ತವೆ. ಆದರೆ ಆ ಸೋಲು ದಾಖಲೆಯಲ್ಲಿ ಉಳಿಯುತ್ತದೆ. 2010ರ ಶಾಸನದ ಆದೇಶದಂತೆ, 2021ರ ನಿಯಮದ ಮೂಲಕ ಪೈಲಟ್‌ಗಳ ಪರೀಕ್ಷಾ ದಾಖಲೆಗಳಿಗೆಲ್ಲ ಕೇಂದ್ರ ಭಂಡಾರವೊಂದು ಏರ್ಪಟ್ಟಿದ್ದು, ಮುಂದೆ ಕೆಲಸ ಕೊಡುವ ಕಂಪನಿ ಅದನ್ನು ನೋಡಿಯೇ ನೋಡುತ್ತದೆ. ಆದುದರಿಂದ ಸಿದ್ಧತೆ ಸಾಲದೆನಿಸಿದರೆ ಪರೀಕ್ಷೆಗೆ ಮುನ್ನವೇ ಶಿಕ್ಷಕರಿಗೆ ಹೇಳಿ ಇನ್ನೊಂದು ಪಾಠ ಕೇಳುವುದರಲ್ಲಿ ನಾಚಿಕೆಯಿಲ್ಲ. ಈ ತಿಂಗಳುಗಳಲ್ಲಿ ಮನೆಯವರು ನಿಶ್ಚಿತಾರ್ಥ, ರೋಸ್, ಮದುವೆಗಳ ದಿನಾಂಕ ಹಿಡಿದುಕೊಂಡು ಫೋನ್ ಮಾಡದಿದ್ದರೆ ಅದೇ ದೊಡ್ಡ ಉಪಕಾರ. ಹೇಗಿತ್ತು ಪರೀಕ್ಷೆ ಎಂದು ದಿನವೂ ಕೇಳುವುದಂತೂ ಬೇಡವೇ ಬೇಡ.

ವಾಚಕರಲ್ಲಿ ಕೆಲವರಿಗೆ ಅಚ್ಚರಿಯಾಗಬಹುದಾದ ಮಾತೊಂದಿದೆ: ಹೊಸಬರು ಆ ಜೆಟ್ಟನ್ನು ನಿಜವಾಗಿ ಹಾರಿಸುವ ಮೊದಲ ದಿನವೇ ಹಿಂದೆ ಪ್ರಯಾಣಿಕರು ಕುಳಿತಿರುತ್ತಾರೆ. ಸಿಮ್ಯುಲೇಟರ್ ಅಷ್ಟು ನಿಖರವಾಗಿರುವುದರಿಂದಲೇ ಇದಕ್ಕೆ ಅನುಮತಿಯಿದೆ. ಪಕ್ಕದಲ್ಲಿರುವವರು ಸಾಧಾರಣ ಕ್ಯಾಪ್ಟನ್ ಅಲ್ಲ, ಕಲಿಸಲೆಂದೇ ನೇಮಿಸಿದ ತರಬೇತಿ ಕ್ಯಾಪ್ಟನ್. ಸಾಮಾನ್ಯವಾಗಿ 25 ಗಂಟೆಗಳಾದರೂ ಹೀಗೆ ಹಾರಬೇಕು. ಪರೀಕ್ಷೆ ಮುಗಿದ 120 ದಿನಗಳೊಳಗೆ 100 ಗಂಟೆಗಳನ್ನು ಪೂರೈಸಬೇಕು. ಕಲಿತದ್ದು ಆರಿಹೋಗದಿರಲೆಂದು ಈ ನಿಯಮ. ಆ 100 ಗಂಟೆ ತುಂಬುವವರೆಗೆ, ಅಡ್ಡಗಾಳಿ 15 ನಾಟ್‌ಗಿಂತ ಹೆಚ್ಚಿದ್ದರೆ ಅಥವಾ ರನ್‌ವೇ ಹಿಮ, ಕೆಸರುಗಳಿಂದ ಕೂಡಿದ್ದರೆ, ಸಾಮಾನ್ಯ ಕ್ಯಾಪ್ಟನ್‌ಗಳ ಜೊತೆಯಲ್ಲಿ ಹೊಸಬರು ಏರಿಸುವಂತಿಲ್ಲ, ಇಳಿಸುವಂತಿಲ್ಲ. ಅದು ಕ್ಯಾಪ್ಟನ್‌ರ ಕೆಲಸ.

ಇದೆಲ್ಲ ಮುಗಿದ ಮೇಲೂ ಹೊಸಬರು ಸಾಮಾನ್ಯವಾಗಿ 'ರಿಸರ್ವ್' ಪಟ್ಟಿಯಲ್ಲಿರುತ್ತಾರೆ. ಫೋನ್ ಬಂದರೆ ಎರಡು ಗಂಟೆಗಳೊಳಗೆ, ಕೆಲವೆಡೆ ಇನ್ನೂ ಬೇಗ, ವಿಮಾನ ನಿಲ್ದಾಣದಲ್ಲಿರಬೇಕು. ಹಿರಿತನವಿದ್ದವರು ಹಬ್ಬದ ರಜೆಗಳನ್ನು ಮೊದಲೇ ಆರಿಸಿಕೊಂಡಿರುತ್ತಾರೆ. ಮೊದಲ ವರ್ಷದ ಕ್ರಿಸ್ಮಸ್ ಊಟಕ್ಕೆ ಮಗನಿಗೆ ತಟ್ಟೆ ಇಡುವ ತಾಯಂದಿರು ಇದನ್ನು ಈಗಲೇ ತಿಳಿದಿರಲಿ. ಕುಸ್ವಾರ್ ಡಬ್ಬಿಯನ್ನು ಜನವರಿಯವರೆಗೆ ಎತ್ತಿಡಬೇಕಾದೀತು.