ರಜೆ ಬರೋದು ಬೇಸಿಗೆಗೆ, ತಯಾರಿ ಶುರುವಾಗೋದು ಈಗ

ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ: "ಅಣ್ಣಾ, ರಜೆಗೆ ಎಲ್ಲಾದ್ರೂ ಇಂಟರ್ನ್‌ಶಿಪ್ ಇದೆಯಾ?" ಆ ಹೊತ್ತಿಗೆ ಒಳ್ಳೆಯ ಬಾಗಿಲುಗಳಲ್ಲಿ ಬಹುಪಾಲು ಮುಚ್ಚಿರುತ್ತವೆ. ಉಳಿಯೋದು ದುಡ್ಡು ಕೊಟ್ಟರೆ ತೆರೆಯೋ ಬಾಗಿಲುಗಳು ಮಾತ್ರ. ಅದಕ್ಕೇ ಬೇಸಿಗೆ ರಜೆಯ ಬಗ್ಗೆ ಈ ಸಲ ಆಗಸ್ಟ್‌ನಲ್ಲೇ ಬರೀತಿದ್ದೇವೆ.

ಹೀಗೆ ಬರೆಯೋಕೆ ಕಾರಣವೂ ಇದೆ. ಹೋದ ವರ್ಷ ನಮ್ಮಲ್ಲೇ ಇಬ್ಬರು "ನೀವು ಆಯ್ಕೆಯಾಗಿದ್ದೀರಿ" ಅನ್ನೋ ಮೆಸೇಜ್ ನಂಬಿ ತಲಾ ನಾಲ್ಕು ಸಾವಿರ ಕಟ್ಟಿದರು. ಒಬ್ಬನ ದುಡ್ಡು ಊರಿಂದ ಬಂದ ಹಾಲಿನ ಬಟವಾಡೆಯದ್ದು. ಒಂದು ತಿಂಗಳು ರೆಕಾರ್ಡ್ ಮಾಡಿಟ್ಟ ವಿಡಿಯೋ ನೋಡಿದ್ದಾಯ್ತು, ಬಣ್ಣಬಣ್ಣದ ಸರ್ಟಿಫಿಕೇಟೂ ಬಂತು. ವೈವಾದಲ್ಲಿ "ನೀನು ಅಲ್ಲಿ ಏನು ಮಾಡಿದೆ?" ಅಂತ ಕೇಳಿದಾಗ ಹೇಳೋಕೆ ಮಾತ್ರ ಏನೂ ಇರಲಿಲ್ಲ. ಆ ಪ್ರಶ್ನೆಗೆ ಉತ್ತರ ಇರುವಂಥ ರಜೆ ನಿಮ್ಮದಾಗಲಿ ಅಂತ ನಮಗೆ ಗೊತ್ತಿರೋ ದಾರಿಗಳನ್ನ ಇಲ್ಲಿ ಹೇಳ್ತೀವಿ.

ಸಂಶೋಧನೆಯ ರುಚಿ ನೋಡಬೇಕೆಂದರೆ

ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸಿಕೊಂಡು ಬಂದಿವೆ. ಅದರಲ್ಲೊಂದು ನಮ್ಮ ಬೆಂಗಳೂರಿನದೇ, ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ. ಇನ್ನೆರಡು ದೆಹಲಿ ಮತ್ತು ಪ್ರಯಾಗ್‌ರಾಜ್‌ನವು. ಇದು ಶುದ್ಧ ವಿಜ್ಞಾನದವರಿಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ, ಎಂಜಿನಿಯರಿಂಗ್ ಕೂಡ ಅದರ ವಿಷಯಗಳಲ್ಲಿ ಒಂದು. ಆಯ್ಕೆಯಾದರೆ ಸುಮಾರು ಎರಡು ತಿಂಗಳು ಯಾವುದಾದರೂ ಸಂಸ್ಥೆಯ ಒಬ್ಬ ವಿಜ್ಞಾನಿಯ ಜೊತೆ ಕೆಲಸ, ಸ್ಟೈಪೆಂಡ್, ಕೊನೆಗೆ ನೀವೇ ಬರೆದುಕೊಡಬೇಕಾದ ವರದಿ.

ಅರ್ಜಿ ಕರೆಯೋದು ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ. ಅರ್ಜಿಯ ಜೊತೆ ಎರಡು ಮುಖ್ಯ ವಿಷಯ ಬೇಕು: ನೀವು ಏನು ಮಾಡಬಯಸುತ್ತೀರಿ ಅನ್ನೋ ಚಿಕ್ಕ ಬರಹ, ನಿಮ್ಮನ್ನು ಬಲ್ಲ ಒಬ್ಬ ಮೇಷ್ಟ್ರ ಶಿಫಾರಸು. ಹೆಚ್ಚಿನವರು ಎಡವೋದು ಎರಡನೆಯದರಲ್ಲೇ. ಕೊನೆಯ ದಿನ ಸ್ಟಾಫ್ ರೂಮಿಗೆ ಓಡಿಹೋಗಿ "ಸರ್, ಒಂದು ಲೆಟರ್" ಅಂದರೆ, ನಿಮ್ಮ ಹೆಸರೇ ನೆನಪಿಲ್ಲದ ಸರ್ ಏನಂತ ಬರೀತಾರೆ? ಈಗಿನಿಂದಲೇ ಒಬ್ಬರ ಹತ್ತಿರ ಹೋಗಿ, ಲ್ಯಾಬಿನಲ್ಲಿ ಒಂದು ಸಣ್ಣ ಕೆಲಸ ಕೇಳಿ. ಮೂರು ತಿಂಗಳಾದ ಮೇಲೆ ಬರೆಯೋಕೆ ಅವರ ಹತ್ತಿರ ಮಾತಿರುತ್ತೆ.

ಇದಲ್ಲದೆ ಹಲವು ಐಐಟಿಗಳು ತಮ್ಮದೇ ಬೇಸಿಗೆ ಫೆಲೋಶಿಪ್ ನಡೆಸುತ್ತವೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೂ ಇಂಥದ್ದೊಂದು ಇದೆ. ಪ್ರತಿಯೊಂದರ ಅರ್ಹತೆ, ಕೊನೆಯ ದಿನಾಂಕ ಬೇರೆ ಬೇರೆ. ಆಯಾ ಸಂಸ್ಥೆಯ ಈ ವರ್ಷದ ಪ್ರಕಟಣೆಯನ್ನೇ ಓದಿ, ಫಾರ್ವರ್ಡ್ ಆಗಿ ಬಂದ ಹಳೇ ಪೋಸ್ಟರ್ ನಂಬಬೇಡಿ.

ಮನೆಯಲ್ಲೇ ಕೂತು ಕಲಿಯಬೇಕೆಂದರೆ

ರಜೆಯಲ್ಲಿ ಊರಿಗೆ ಹೋಗಲೇಬೇಕು, ತೋಟದ ಕೆಲಸವೋ ಅಕ್ಕನ ಮದುವೆಯೋ ಇದೆ ಅನ್ನುವವರಿಗೆ ಎನ್‌ಪಿಟಿಇಎಲ್ ಇದೆ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ್ದು ಇದು. 4, 8, 12 ವಾರಗಳ ಕೋರ್ಸ್‌ಗಳಿವೆ. ಪಾಠ ಕೇಳೋದು, ಅಸೈನ್‌ಮೆಂಟ್ ಮಾಡೋದು ಪುಕ್ಕಟೆ. ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಪರೀಕ್ಷಾ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಬರೆಯಬೇಕು. ಒಟ್ಟು ಅಂಕದಲ್ಲಿ 25 ಅಸೈನ್‌ಮೆಂಟಿಗೆ, 75 ಪರೀಕ್ಷೆಗೆ. ಅಸೈನ್‌ಮೆಂಟನ್ನು ಗೆಳೆಯನಿಂದ ಕಾಪಿ ಮಾಡಿದರೆ ಆ 25 ಸಿಗಬಹುದು, ಉಳಿದ 75 ಎಲ್ಲಿಂದ ತರ್ತೀರಿ?

ಸರ್ಟಿಫಿಕೇಟ್ ಕೋರ್ಸ್‌ಗಳು ಮುಖ್ಯವಾಗಿ ಜನವರಿ ಮತ್ತು ಜುಲೈನಲ್ಲಿ ಶುರುವಾಗುತ್ತವೆ, ಅಂದರೆ ಸರಿಯಾಗಿ ರಜೆಗೆ ಹೊಂದೋದಿಲ್ಲ. ಆದರೆ ಹಳೆಯ ಕೋರ್ಸ್‌ಗಳ ವಿಡಿಯೋಗಳು ಯಾವಾಗಲೂ ಸಿಗುತ್ತವೆ. ಎರಡನೇ ವರ್ಷದಲ್ಲಿ ಅರ್ಥವಾಗದೇ ಬಿಟ್ಟ ಸಿಗ್ನಲ್ಸೋ ಥರ್ಮೋಡೈನಾಮಿಕ್ಸೋ ರಜೆಯಲ್ಲಿ ಇನ್ನೊಮ್ಮೆ ಕೇಳಿ ನೋಡಿ. ಕೆಲವು ಕೋರ್ಸ್‌ಗಳ ಪಠ್ಯ ಕನ್ನಡಕ್ಕೂ ಅನುವಾದವಾಗಿದೆ. ಕನ್ನಡ ಮೀಡಿಯಂನಿಂದ ಬಂದ ಮೊದಲ ವರ್ಷದವರು ಅದನ್ನ ಪಕ್ಕದಲ್ಲಿಟ್ಟುಕೊಂಡು ಕೇಳಬಹುದು, ಅದರಲ್ಲಿ ನಾಚಿಕೆಪಡೋದೇನೂ ಇಲ್ಲ.

ಕೋಡ್ ಬರೆಯೋ ಆಸಕ್ತಿ ಇದ್ದರೆ

ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೀತಿದೆ. ಹೆಸರಲ್ಲಿ ಗೂಗಲ್ ಇದ್ದರೂ ನೀವು ಕೆಲಸ ಮಾಡೋದು ಯಾವುದಾದರೂ ಓಪನ್ ಸೋರ್ಸ್ ಸಂಸ್ಥೆಗೆ, ಮನೆಯಿಂದಲೇ. 18 ವರ್ಷ ತುಂಬಿರಬೇಕು. ಪೂರ್ತಿ ಮಾಡಿದವರಿಗೆ ಸ್ಟೈಪೆಂಡ್ ಇದೆ. ಸಂಸ್ಥೆಗಳ ಪಟ್ಟಿ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಬರುತ್ತೆ, ಅರ್ಜಿ ಮಾರ್ಚ್‌ನಿಂದ. ಆದರೆ ಮಾರ್ಚ್‌ನಲ್ಲಿ ಮೊದಲ ಸಲ ಮುಖ ತೋರಿಸಿದವರಿಗಿಂತ, ಡಿಸೆಂಬರ್‌ನಿಂದಲೇ ಸಣ್ಣಪುಟ್ಟ ಬಗ್ ಸರಿಮಾಡುತ್ತಾ ಬಂದವರನ್ನು ಮೆಂಟರ್‌ಗಳು ಗುರುತು ಹಿಡೀತಾರೆ. ವಿಕಿಮೀಡಿಯ ಕೂಡ ಹಲವು ವರ್ಷ ಇದರಲ್ಲಿ ಭಾಗವಹಿಸಿದೆ. ಕನ್ನಡ ವಿಕಿಪೀಡಿಯದಲ್ಲಿ ಬರೆದು ಅಭ್ಯಾಸವಿರುವ ನಮ್ಮ ಬಳಗದವರಿಗೆ ಅದು ಅಪರಿಚಿತ ಜಾಗವೇನಲ್ಲ.

ವಿದೇಶದ ಆಸೆ ಇದ್ದರೆ

ಕೆನಡಾದ ಮಿಟಾಕ್ಸ್ ಗ್ಲೋಬಲಿಂಕ್ 12 ವಾರಗಳದ್ದು. ಅಲ್ಲಿನ ಪ್ರೊಫೆಸರ್‌ಗಳು ಕೊಟ್ಟ ಪ್ರಾಜೆಕ್ಟ್ ಪಟ್ಟಿಯಿಂದ ನೀವು ಆರಿಸಿಕೊಳ್ಳಬೇಕು. ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್‌ಗೇ ಮುಗಿಯುತ್ತೆ. ಜರ್ಮನಿಯ ಡಾಡ್ ಸಂಸ್ಥೆಯ ವೈಸ್ ಯೋಜನೆ ಇನ್ನೊಂದು ಬಗೆ: ಅಲ್ಲಿ ಪ್ರೊಫೆಸರನ್ನು ನೀವೇ ಹುಡುಕಿ, ಅವರಿಂದ ಆಹ್ವಾನ ಪತ್ರ ತರಿಸಿಕೊಂಡು ಅರ್ಜಿ ಹಾಕಬೇಕು. ಎರಡಕ್ಕೂ ಅಂಕ, ಸೆಮಿಸ್ಟರ್, ಕೆಲವೊಮ್ಮೆ ಕಾಲೇಜಿನ ಮೇಲೂ ನಿಯಮಗಳಿವೆ. ಅರ್ಹತೆಯ ಪುಟ ಓದಿಯೇ ಮುಂದಿನ ಹೆಜ್ಜೆ ಇಡಿ. ಪಾಸ್‌ಪೋರ್ಟ್ ಇಲ್ಲದವರು ಇವತ್ತೇ ಅರ್ಜಿ ಹಾಕಿ, ಆಮೇಲೆ ಉಳಿದ ಮಾತು.

ಹತ್ತಿರದ ಕಾರ್ಖಾನೆ ಮರೀಬೇಡಿ

ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನವರು ದೂರದ ಬೆಟ್ಟವನ್ನೇ ನೋಡ್ತಾ ಕೂರ್ತಾರೆ. ಬೆಳಗಾವಿಯ ಉದ್ಯಮಬಾಗ್‌ನ ಫೌಂಡ್ರಿಗಳು, ಹುಬ್ಬಳ್ಳಿಯ ಗೋಕುಲ ರಸ್ತೆ, ಶಿವಮೊಗ್ಗದ ಮಾಚೇನಹಳ್ಳಿ, ಬೆಂಗಳೂರಿನ ಪೀಣ್ಯ ಇವೆಲ್ಲ ನಮ್ಮ ಊರುಗಳ ಪಕ್ಕದಲ್ಲೇ ಇವೆ. ಸಣ್ಣ ಕಾರ್ಖಾನೆಗಳಲ್ಲಿ ವೆಬ್‌ಸೈಟು, ಪೋರ್ಟಲ್ಲು ಇರೋದಿಲ್ಲ. ಕಾಲೇಜಿನ ಪತ್ರ ಹಿಡಿದು ಬೆಳಿಗ್ಗೆ ಹೋಗಿ ಮಾಲೀಕರನ್ನ ಕಾಣಬೇಕು. ಮೂರು ಕಡೆ "ಆಗಲ್ಲ" ಅಂತಾರೆ, ನಾಲ್ಕನೇ ಕಡೆ "ನಾಳೆಯಿಂದ ಬಾಪ್ಪಾ" ಅಂತಾರೆ. ಎರಕ ಯಾಕೆ ಬಿರುಕು ಬಿಡುತ್ತೆ, ಒಂದು ಪೀಸ್ ರಿಜೆಕ್ಟ್ ಆದರೆ ಯಾರಿಗೆ ಎಷ್ಟು ನಷ್ಟ ಅನ್ನೋದನ್ನ ಅಲ್ಲಿನ ಹಿರಿಯ ಕೆಲಸಗಾರರು ಕನ್ನಡದಲ್ಲೋ ಮರಾಠಿಯಲ್ಲೋ ಹೇಳಿಕೊಡೋವಷ್ಟು ಚೆನ್ನಾಗಿ ಯಾವ ವಿಡಿಯೋನೂ ಹೇಳಲ್ಲ.

ಹೋಗೋ ಮೊದಲು ವಿಭಾಗದ ಇಂಟರ್ನ್‌ಶಿಪ್ ಸಂಯೋಜಕರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಇಲ್ಲದಿದ್ದರೆ ಕೆಲಸ ಮಾಡಿಯೂ ಕ್ರೆಡಿಟ್ ಕೈತಪ್ಪಬಹುದು.

ಮೇಲ್ ಬರೆಯೋದು ಹೇಗೆ?

ಪ್ರೊಫೆಸರ್‌ಗೆ ಬರೆಯೋ ಮೇಲ್ ಹತ್ತು ಸಾಲು ದಾಟಬಾರದು. ನೀವು ಯಾರು, ಯಾವ ವರ್ಷ. ಅವರ ಯಾವ ಕೆಲಸ ಓದಿದಿರಿ, ಅದರಲ್ಲಿ ಏನು ಹಿಡಿಸಿತು. ನಿಮಗೆ ಏನು ಮಾಡೋಕೆ ಬರುತ್ತೆ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಬರಬಲ್ಲಿರಿ. ಜೊತೆಗೆ ಒಂದು ಪುಟದ ರೆಸ್ಯೂಮೆ. ಇಷ್ಟೇ. ಐವತ್ತು ಜನರಿಗೆ ಒಂದೇ ಮೇಲ್ ಕಳಿಸಬೇಡಿ, ಅದು ಓದಿದವರಿಗೆ ಗೊತ್ತಾಗಿಬಿಡುತ್ತೆ. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೂ ಬರದಿದ್ದರೆ ಬಿಟ್ಟುಬಿಡಿ. ಇಂಗ್ಲಿಷ್ ಅಲಂಕಾರವಾಗಿ ಇರಬೇಕಾಗಿಲ್ಲ, ಚಿಕ್ಕ ಸರಿಯಾದ ವಾಕ್ಯಗಳು ಸಾಕು.

ಮೋಸ ಗುರುತಿಸೋದು

ನಮ್ಮ ಇಬ್ಬರು ಗೆಳೆಯರು ಕಲಿತ ಪಾಠ ಇದು. ಸಂದರ್ಶನವೇ ಇಲ್ಲದೆ ಆಯ್ಕೆಯಾದರೆ ಅನುಮಾನಪಡಿ. "ಇವತ್ತೇ ಕಟ್ಟಿ, ಸೀಟು ಕಡಿಮೆ ಇದೆ" ಅಂದರೆ ಇನ್ನೂ ಅನುಮಾನಪಡಿ. ಕೆಲಸ ಏನು, ಹೇಳಿಕೊಡೋರು ಯಾರು ಅಂತ ಕೇಳಿದಾಗ ಸರ್ಟಿಫಿಕೇಟಿನ ಮಾತು ಬಂದರೆ ಫೋನ್ ಇಡಿ. ತರಬೇತಿಗೆ ದುಡ್ಡು ಕೊಡೋದು ತಪ್ಪಲ್ಲ, ಅದು ಟ್ಯೂಷನ್ ಇದ್ದ ಹಾಗೆ. ಆದರೆ ಟ್ಯೂಷನ್‌ಗೆ ಇಂಟರ್ನ್‌ಶಿಪ್ ಅಂತ ಹೆಸರಿಟ್ಟು ಮಾರೋದು ಮೋಸ.

ಮನೆಯಲ್ಲಿ ಒಪ್ಪಿಸೋದು

ಆಯ್ಕೆಯಾದರೂ ಹೋಗಲಾಗದೆ ಬಿಟ್ಟವರು ನಮ್ಮಲ್ಲಿದ್ದಾರೆ, ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅಪ್ಪ ಅಮ್ಮನಿಗಿರೋದು ಹಟ ಅಲ್ಲ, ಗೊತ್ತಿಲ್ಲದ ಊರಿನ ಭಯ. ಉಳಿಯೋಕೆ ಹಾಸ್ಟೆಲ್ ಕೊಡ್ತಾರಾ, ಸ್ಟೈಪೆಂಡ್ ಯಾವಾಗ ಕೈಗೆ ಬರುತ್ತೆ ಅಂತ ಸಂಸ್ಥೆಗೆ ಮೊದಲೇ ಕೇಳಿ ತಿಳ್ಕೊಳ್ಳಿ. ಎಷ್ಟೋ ಕಡೆ ಅದು ಕೊನೆಗೆ ಬರುತ್ತೆ, ಮೊದಲ ತಿಂಗಳ ಪಿಜಿ ಬಾಡಿಗೆ ನಿಮ್ಮ ಕೈಯಿಂದಲೇ ಹೋಗಬೇಕು. ಪತ್ರವನ್ನು ಮನೆಯಲ್ಲಿ ಕನ್ನಡದಲ್ಲಿ ಓದಿ ಹೇಳಿ. ಬೇಕಿದ್ದರೆ ಅಲ್ಲಿಗೆ ಹೋಗಿಬಂದ ಸೀನಿಯರ್ ಅಕ್ಕನ ಹತ್ತಿರ ಅಮ್ಮನಿಗೆ ಫೋನ್‌ನಲ್ಲಿ ಮಾತಾಡಿಸಿ. ಈ ಕೆಲಸಕ್ಕೆ ನಮ್ಮ ಬಳಗದಲ್ಲಿ ಜನ ಇದ್ದಾರೆ.

ಎಲ್ಲಾ ಕಡೆ ಅರ್ಜಿ ಹಾಕೋದು ಬೇಡ. ನಿಮಗೆ ಹೊಂದೋ ಎರಡನ್ನ ಆರಿಸಿ, ಕ್ಯಾಲೆಂಡರ್‌ನಲ್ಲಿ ಕೊನೆಯ ದಿನಾಂಕಕ್ಕೆ ಹದಿನೈದು ದಿನ ಮುಂಚೆಯೇ ಗುರುತು ಹಾಕಿಕೊಳ್ಳಿ. ಅರ್ಜಿಯ ಬರಹವನ್ನ ಯಾರಾದರೂ ಒಮ್ಮೆ ಓದಿ ತಿದ್ದಲಿ ಅನ್ನಿಸಿದರೆ ಬಳಗದ ಸಭೆಗೆ ತಗೊಂಡು ಬನ್ನಿ, ಕೂತು ನೋಡೋಣ. ಈ ವರ್ಷ ಏಪ್ರಿಲ್‌ನಲ್ಲಿ ಗುಂಪಿಗೆ "ಎಲ್ಲಾದ್ರೂ ಇದೆಯಾ?" ಅನ್ನೋ ಬದಲು "ಸಿಕ್ತು" ಅನ್ನೋ ಮೆಸೇಜ್ ಬರಲಿ.